ಹೆಂಗಸರ ದಿಬ್ಬ

ಜೂನ್ ೧೮, ಮಂಗಳವಾರ. ವಯೋಮಿಂಗ್.

ನೆರೆದ ಮಹಾಜನರೇ, ಅಂದರೆ ನಾವಿರುವ ಈ ಟ್ರೇಲರ್ ಮನೆಯ ಎರಡು ಕುರ್ಚಿಗಳೇ, ಕೇಳಿ. ನಾಟಕಗಳಲ್ಲಿ ಎಷ್ಟೋ ಸಲ ಸತ್ತ ನಾನು ಇವತ್ತು ಸತ್ತವನಾಗಿ ನಿಲ್ಲಬೇಕಾದ ಪಾತ್ರದಲ್ಲಿ ಓಡಿಬಿಟ್ಟೆ.

ನಮ್ಮ ಮಾರ್ಮನ್ ಪಂಥದ ಹಿರಿಯರು ಕೈಗಾಡಿ ಎಳೆದುಕೊಂಡು ಬಂದ ಈ ದಾರಿಯಲ್ಲಿ, ಅವರ ನೆನಪಿಗೆ ಇಂದು ಗಾಡಿ ಎಳೆಯಲು ಬರುವ ತಂಡಗಳಲ್ಲಿ ಒಂದು ದಿಬ್ಬವನ್ನು ಹೆಂಗಸರೇ ಎಳೆದು ಏರಬೇಕು. ಗಂಡಸರು, ಅಂದು ದಾರಿಯಲ್ಲೇ ಸತ್ತ ಗಂಡಂದಿರಂತೆ, ಟೋಪಿ ತೆಗೆದು ಸುಮ್ಮನೆ ನಿಲ್ಲಬೇಕು. ಬಂದವರಿಗೆಲ್ಲ ಈ ನಿಯಮವನ್ನು ಗುಡುಗಿ ಹೇಳುವವನು ನಾನೇ.

ಆಪರೇಷನ್ ಮಾಡಿ ಮಂಡಿ ಬದಲಿಸಿದ ಮೇಲೆ ಮೊದಲ ಸಲ ನನ್ನ ಹೆಂಡತಿ ಅರ್ಲೀನ್ ಇವತ್ತು ಗಾಡಿಗೆ ಕೈ ಹಾಕಿದಳು. ನಡುದಿಬ್ಬದಲ್ಲಿ ಚಕ್ರ ಮರಳಲ್ಲಿ ಹೂತು ಅವಳ ಕಾಲು ಜಾರಿತು. ನಾನು ಓಡಿಹೋಗಿ ಹೆಗಲು ಕೊಟ್ಟೆ. ಗಾಡಿ ಏರಿತು. ಹೆಂಗಸರು ಯಾರೂ ನನ್ನ ಮುಖ ನೋಡಲಿಲ್ಲ.

ಊಟಕ್ಕೆ ಸೂಪು ಬಡಿಸುತ್ತ ಅವಳು ಅಂದಳು, "ಎಲ್ಡರ್ ಹ್ಯಾಲ್ವರ್ಸನ್, ನೀವು ಅಲ್ಲಿ ಸತ್ತಿರ್ಬೇಕಿತ್ತು." ಕೋಪ ಬಂದಾಗ ಮಾತ್ರ ನಾನು ಅವಳಿಗೆ ಚರ್ಚಿನ ಬಿರುದಿನ ಎಲ್ಡರ್.

"ಬೀಳ್ತಿದ್ದೆ ಕಣೇ ನೀನು."

"ಬಿದ್ದು ಏಳ್ತಿದ್ದೆ. ನೀವು ಹೋದ್ಮೇಲೂ ನಾನು ಏಳ್ಬೇಕಲ್ವಾ? ಆಗತ್ತಾ ಅಂತ ನೋಡ್ಕೊಳ್ಳೋಕೂ ಬಿಡ್ಲಿಲ್ಲ."



ನಾಳೆಯ ತಂಡದ ಜೊತೆ ಅವಳು ಮತ್ತೆ ಎಳೆಯುತ್ತಾಳಂತೆ. ಬೆಳಿಗ್ಗೆ ಬೇಗ ಎದ್ದು ಆ ಚಕ್ರಕ್ಕೆ ಗ್ರೀಸ್ ಹಚ್ಚುತ್ತೇನೆ. ಆಮೇಲೆ ಟೋಪಿ ತೆಗೆದು, ಅವಳು ಬಿದ್ದರೂ ಸರಿ, ಸತ್ತೇ ನಿಲ್ಲುತ್ತೇನೆ.