ಬೀಗಿತ್ತಿಯ ಚಾಕೊಲೇಟ್ ಹಾಲು

ಎಡಿಸನ್, ನ್ಯೂಜೆರ್ಸಿ
೨೩-೨-೨೦೦೦, ಬುಧವಾರ

ಚಿ. ಸೌ. ತಂಗಿ ಸಣ್ಣಮ್ಮನಿಗೆ,

ನಿನ್ನ ಅಕ್ಕ ತಾಯಮ್ಮ ಇಷ್ಟು ದೂರದಿಂದ ಮಾಡುವ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲು ಬರೆಯಬೇಕಲ್ಲ, ಬರೆದಿದ್ದೇನೆ. ಮಿಕ್ಕಿದ್ದನ್ನು ಓದಿದ ಮೇಲೆ ಕ್ಷೇಮವೋ ಅಲ್ಲವೋ ನೀನೇ ಹೇಳು.

ನಿನ್ನ ಕಾಗದ ಸಂಕ್ರಾಂತಿ ಕಳೆಯುತ್ತಲೇ ಬಂದಿತ್ತು. ಉತ್ತರ ತಡವಾಯಿತೆಂದು ಸಿಟ್ಟಾಗಬೇಡ. ಈ ಮನೆಯಲ್ಲಿ ಕಾಗದ, ಪೆನ್ನು, ಅಂಚೆ ಚೀಟಿ ಎಲ್ಲ ಇರುವುದು ನನ್ನ ಬೀಗಿತ್ತಿ ಸುಧಾಮಣಿಯ ಮೇಜಿನ ಡ್ರಾಯರಿನಲ್ಲಿ. ಅವಳನ್ನು ಕೇಳಿ ಬರೆಯುವುದಕ್ಕಿಂತ ಬರೆಯದಿರುವುದೇ ಮೇಲೆಂದು ಸುಮ್ಮನಿದ್ದೆ. ಇವತ್ತು ಮೊಮ್ಮಗಳು ಶ್ರಿಯಾಳನ್ನು ಲೈಬ್ರರಿಗೆ ಕರೆದುಕೊಂಡು ಹೋಗಿದ್ದಾಳೆ. ನಾನೇ ಡ್ರಾಯರ್ ಎಳೆದು ತೆಗೆದುಕೊಂಡೆ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಡಿಸಿದ ಕೈ ಇದು, ಅಕ್ಷರ ಕೂಡಿಸಿಕೊಂಡು ಓದಿಕೋ.

ಮಗಳು ಹಂಸಾಳಿಗೆ ಆರು ತಿಂಗಳು ತುಂಬುತ್ತಿದೆ. ಮುಖ ತುಂಬಿಕೊಂಡಿದೆ, ಕಾಲು ಸ್ವಲ್ಪ ಊದುತ್ತದೆ. ಹೋದ ಸಲ, ಶ್ರಿಯಾ ಹುಟ್ಟಿದಾಗ, ನಮ್ಮ ಯಜಮಾನರು ಹಾಸಿಗೆ ಹಿಡಿದಿದ್ದರು, ನಾನು ಬರಲಾಗಲಿಲ್ಲ, ನಿನಗೆ ಗೊತ್ತಲ್ಲ. ಆ ಬಾಣಂತನ ಸುಧಾಮಣಿಯ ಪಾಲಾಯಿತು. ಹೆತ್ತವಳು ಗಟ್ಟಿಮುಟ್ಟಾಗಿರುವಾಗ ಮಗಳ ಬಾಣಂತನವನ್ನು ಅತ್ತೆ ಮಾಡುವುದು ಯಾವ ಸೀಮೆಯ ಕ್ರಮ ಹೇಳು? ಅದಕ್ಕೇ ಈ ಸಲದ್ದನ್ನು ಬಿಟ್ಟುಕೊಡಬಾರದೆಂದು, ಮೇ ತಿಂಗಳಿಗೆ ಬಾ ಎಂದರೂ ಕೇಳದೆ, ಬಾಣಂತಿ ಖಾರದ ಪುಡಿ ಕುಟ್ಟಿಕೊಂಡು ಡಿಸೆಂಬರಿಗೇ ಓಡಿ ಬಂದೆ. ಬಂದ ಮೇಲೆ ತಿಳಿಯಿತು, ವಿಮಾನ ಇಳಿದ ಕಡೆ ನನ್ನ ಪಾಸ್‌ಪೋರ್ಟಿಗೆ ಗುದ್ದಿದ ಮುದ್ರೆ ಆರೇ ತಿಂಗಳಿನದು. ಹೆರಿಗೆ ಜೂನ್ ತಿಂಗಳಿಗೆ. ಮಗು ಭೂಮಿಗೆ ಬರುವ ಹೊತ್ತಿಗೆ ಅಜ್ಜಿಯ ಗಡುವು ಮುಗಿದಿರುತ್ತದೆ! ಅವಸರ ಪಟ್ಟು ಬಂದು ನನ್ನ ಕಾಲಿಗೆ ನಾನೇ ಹಗ್ಗ ಸುತ್ತಿಕೊಂಡಿದ್ದೇನೆ. ಅಳಿಯಂದಿರು ಜಗದೀಶ್ ಮಾತ್ರ, “ಯೋಚ್ನೆ ಮಾಡ್ಬೇಡಿ ಅತ್ತೆ, ಎಕ್ಸ್‌ಟೆನ್ಷನ್‌ಗೆ ಅಪ್ಲೈ ಮಾಡಿದ್ರೆ ಇನ್ನೂ ಆರು ತಿಂಗ್ಳು ಕೊಡ್ತಾರೆ,” ಎಂದು ಧೈರ್ಯ ಹೇಳಿದ್ದಾರೆ. ಸುಧಾಮಣಿಗೆ ಆ ಗೋಳಿಲ್ಲ. ಅವಳದು ಗ್ರೀನ್ ಕಾರ್ಡು. ಬೇಕಾದಾಗ ಬರಬಹುದು, ಬೇಡವಾದಾಗಲೂ ಇರಬಹುದು.

ಅವಳ ವಿಷಯ ಏನೆಂದು ಬರೆಯಲಿ. ಮೈಸೂರಿನಲ್ಲಿ ಹೈಸ್ಕೂಲು ಟೀಚರಾಗಿದ್ದವಳು. ಫೋನು ಬಂದರೆ ಇಂಗ್ಲಿಷಿನಲ್ಲಿ ಎತ್ತುತ್ತಾಳೆ. ಫ್ಲಶಿಂಗ್ ಎಂಬಲ್ಲಿನ ಗಣೇಶನ ಗುಡಿಗೆ ಹೋದರೆ ಕ್ಯಾಂಟೀನಿನವನು ಅವಳ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಚಟ್ನಿ ಬಡಿಸುತ್ತಾನೆ, ನನ್ನನ್ನು ಮಾತ್ರ “ಎಕ್ಸ್‌ಟ್ರಾ ಬೇಕಾ ಆಂಟಿ?” ಎಂದು ಕೇಳುತ್ತಾನೆ. ಹೊಟ್ಟೆಕಿಚ್ಚಲ್ಲ ಕಣಮ್ಮಿ, ಕಂಡದ್ದನ್ನು ಬರೆಯುತ್ತಿದ್ದೇನೆ.

ಹೋದ ವಾರದ ಕೊನೆಗೆ ಇಲ್ಲಿ ಸೋಮವಾರವೂ ಸೇರಿ ರಜೆ ಇತ್ತು. ಇಸವಿ ಎರಡು ಸಾವಿರವಾದರೆ ಕಂಪ್ಯೂಟರುಗಳೆಲ್ಲ ತಲೆಕೆಟ್ಟು ಕೂರುತ್ತವೆಂದು ಡಿಸೆಂಬರ್ ಪೂರ್ತಿ ಹಂಸಾ, ಅಳಿಯಂದಿರು ಇಬ್ಬರೂ ಆಫೀಸಿನಲ್ಲೇ ಬಿದ್ದಿದ್ದರು. ಕಡೆಗೆ ಏನೂ ಆಗಲಿಲ್ಲ. ಏನೂ ಆಗದೇ ಇದ್ದದ್ದಕ್ಕೆ ಅವರಿಗೆ ಬಹುಮಾನ! ಆ ಖುಷಿಗೆ ಪೊಕೊನೊ ಎಂಬ ಗುಡ್ಡಗಾಡಿನಲ್ಲಿ ಒಂದು ಮರದ ಮನೆಯನ್ನು ಬಾಡಿಗೆಗೆ ಹಿಡಿದು ಸ್ಕೀಯಿಂಗ್‌ಗೆ ಹೋದೆವು. ಅಳಿಯಂದಿರ ಸ್ನೇಹಿತ ಚೆಲುವರಾಜು ಮತ್ತು ಅವನ ಹೆಂಡತಿ ಬಿಂದುಶ್ರೀ ಕೂಡ ಬಂದಿದ್ದರು.

ಸ್ಕೀಯಿಂಗ್ ಎಂದರೆ ಕಾಲಿಗೆ ಎರಡು ಉದ್ದನೆಯ ಪಟ್ಟಿ ಬಿಗಿದುಕೊಂಡು ಹಿಮದ ಗುಡ್ಡದ ನೆತ್ತಿಯಿಂದ ಬುಡಕ್ಕೆ ಜಾರುವುದು. ತಂತಿಯಲ್ಲಿ ತೂಗುವ ಕುರ್ಚಿ ಮೇಲಕ್ಕೆ ಒಯ್ಯುತ್ತದೆ, ಇವರು ಜಾರುತ್ತಾರೆ, ಮತ್ತೆ ಹತ್ತುತ್ತಾರೆ, ಮತ್ತೆ ಜಾರುತ್ತಾರೆ. ಬಿದ್ದವರೂ ನಗುತ್ತಾರೆ. ಬಸುರಿ ಹಂಸಾ, ನಾನು, ಇಬ್ಬರೂ ಮನೆಯೊಳಗೆ ಕಿಟಕಿ ಪಕ್ಕ ಕೂತೆವು. ಮಗಳ ಜೊತೆ ಒಬ್ಬಳೇ ಕೂರಲು ಸಿಕ್ಕಿತಲ್ಲ ಎಂದು ನಾನು ಹಿಗ್ಗುತ್ತಿದ್ದರೆ ಅವಳು ಕಿಟಕಿಯಾಚೆ ಬೆರಳು ತೋರಿಸಿ, “ಅಮ್ಮಾ, ಅಲ್ನೋಡು ನಮ್ಮತ್ತೆನ!” ಎಂದು ಚಪ್ಪಾಳೆ ತಟ್ಟಿದಳು. ಸುಧಾಮಣಿ ಪ್ಯಾಂಟು ಹಾಕಿಕೊಂಡು, ರಬ್ಬರ್ ಟ್ಯೂಬಿನೊಳಗೆ ಕೂತು, ಮೊಮ್ಮಗಳನ್ನು ತಬ್ಬಿಕೊಂಡು ಇಳಿಜಾರಿನಲ್ಲಿ ಕಿರುಚುತ್ತಾ ಬರುತ್ತಿದ್ದಾಳೆ! ನನ್ನ ವಯಸ್ಸಿನವಳು. ಸೊಂಟ ಮುರಿಯಲಿ ಎಂದು ನಾನು ಅಂದುಕೊಳ್ಳಲಿಲ್ಲ. ಸ್ವಲ್ಪ ಉಳುಕಿದರೆ ಸಾಕು ಅಂದುಕೊಂಡೆ.

ಸಂಜೆ ಎಲ್ಲರೂ ಒಳಗೆ ಬಂದಾಗ ಮೂಗು ಕೆಂಪಗೆ, ಕೈಕಾಲು ಕೊರಡು. ಜಾರಿ ಬಂದವರಿಗೆ ಬೆಂಕಿ ಮುಂದೆ ಕೂತು ಬಿಸಿಯಾಗಿ ಏನಾದರೂ ಕುಡಿಯುವುದೇ ಈ ಆಟದ ಅರ್ಧ ಸುಖವಂತೆ. ಚೆಲುವರಾಜು ದೊಡ್ಡ ಕ್ಯಾನಿನಲ್ಲಿ ಸೇಬಿನ ರಸ ತಂದಿದ್ದ. ಅದಕ್ಕೆ ಚಕ್ಕೆ ಲವಂಗ ಹಾಕಿ ಕುದಿಸಿದ. ಮನೆಯೆಲ್ಲ ಪಲಾವಿನ ವಾಸನೆ, ಪಲಾವು ಮಾತ್ರ ಇಲ್ಲ. ತನ್ನ ಲೋಟಕ್ಕೆ ಮಾತ್ರ ಒಂದು ಸೀಸೆಯಿಂದ ಕಂದು ಬಣ್ಣದ್ದೇನೋ ಹುಯ್ದುಕೊಂಡ.

“ಏನಪ್ಪಾ ಅದು?” ಎಂದೆ.

“ಕೆಮ್ಮಿಗೆ ಔಷಧಿ ಆಂಟಿ.”

“ನೀನು ಕೆಮ್ಮಿದ್ದು ನಾನು ಕೇಳೇ ಇಲ್ವಲ್ಲ.”

“ಅದಕ್ಕೇ ಆಂಟಿ, ಬರದೇ ಇರ್ಲಿ ಅಂತ.”

ನಾನು ಎಡಿಸನ್ನಿನಿಂದಲೇ ಹುರುಳಿ ಒಯ್ದಿದ್ದೆ. ಬೇಯಿಸಿ ಕಟ್ಟು ಬಸಿದು, ಬೆಳ್ಳುಳ್ಳಿ ಮೆಣಸು ಜಜ್ಜಿ, ಒಗ್ಗರಣೆ ಕೊಟ್ಟು ಲೋಟಲೋಟಕ್ಕೆ ಹುಯ್ದು ಕೊಟ್ಟೆ. ಆ ಹುರುಳಿಕಟ್ಟು ಒಂದು ಲೋಟ ಒಳಗೆ ಹೋದರೆ ಕಿವಿಯ ತುದಿಯೂ ಬೆವರಬೇಕು. ಅಳಿಯಂದಿರು ಮರ್ಯಾದೆಗೆ ಅರ್ಧ ಕುಡಿದರು. ಬಿಂದುಶ್ರೀ “ಸೂಪರ್ ಆಂಟಿ” ಎಂದು ಹೊಗಳಿ ಲೋಟವನ್ನು ಕಿಟಕಿಯ ಮೇಲಿಟ್ಟಳು. ಶ್ರಿಯಾ ಮೂಗು ಹಿಡಿದುಕೊಂಡು, “ಅಜ್ಜೀ, ಇಟ್ ಸ್ಮೆಲ್ಸ್ ಲೈಕ್ ಸಾಕ್ಸ್!” ಎಂದಿತು. ಸಾಕ್ಸ್ ಎಂದರೆ ಕಾಲುಚೀಲವೆಂದು ನನಗೆ ಗೊತ್ತು.

“ಮಕ್ಳು ಹಾಗೇನೇ ತಾಯಮ್ಮನವ್ರೇ, ಮನಸ್ಸಿಗೆ ಹಚ್ಕೋಬೇಡಿ,” ಎಂದಳು ಸುಧಾಮಣಿ. ಅವಳು ಸಮಾಧಾನ ಹೇಳಿದರೆ ನನ್ನ ಮೈ ಇನ್ನೂ ಉರಿಯುತ್ತದೆ.

ಆಮೇಲೆ ಬಂತು ನೋಡು ಅವಳ ಚಾಕೊಲೇಟ್ ಹಾಲು. ಗಟ್ಟಿ ಹಾಲು ಕಾಯಿಸಿ, ಕಪ್ಪು ಚಾಕೊಲೇಟಿನ ಹಲಗೆ ಮುರಿದು ಹಾಕಿ, ಕೆನೆ ಕಟ್ಟದಂತೆ ಕಲಕುತ್ತಾ ಕಲಕುತ್ತಾ ಕುದಿಸಿ, ಮೇಲೆ ಹತ್ತಿ ಉಂಡೆಯಂಥ ಬಿಳೀ ಮಿಠಾಯಿ ತೇಲಿಬಿಡುತ್ತಾಳೆ. ಮಾರ್ಷ್‌ಮೆಲೊ ಅಂತೆ. ಎಲ್ಲರೂ ಮುಗಿಬಿದ್ದರು. ಶ್ರಿಯಾಳ ತುಟಿಯ ಮೇಲೆ ಮೀಸೆ ಮೂಡಿತು. ಅದೆಲ್ಲ ಇರಲಿ ಬಿಡು. ಹಂಸಾ ಕಣ್ಣು ಮುಚ್ಚಿಕೊಂಡು ಕುಡಿದಳು ಸಣ್ಣಮ್ಮ. ನನ್ನ ಮಗಳು ಹಾಗೆ ಕಣ್ಣು ಮುಚ್ಚಿ ಕುಡಿಯುವುದನ್ನು ನಾನು ಅವಳಿಗೆ ಮೊಲೆ ಬಿಡಿಸಿದ ಮೇಲೆ ನೋಡಿರಲಿಲ್ಲ.

ಮಾರನೇ ದಿನ ಭಾನುವಾರ ಸಂಜೆಯೂ ಅದೇ ಪಾತ್ರೆ, ಅದೇ ಹಾಲು. ಅದು ಒಲೆಯ ಮೇಲೆ ಮರಳುತ್ತಿತ್ತು. ಹೊರಗೆ ಶ್ರಿಯಾ ಪಟ್ಟಿ ಕಟ್ಟಿಕೊಂಡು ಬೀಳದೆ ಜಾರಿ ಬಂದಳೆಂದು ಸುಧಾಮಣಿ ಕ್ಯಾಮೆರಾ ಹಿಡಿದು ಬಾಗಿಲಿಗೆ ಓಡಿದಳು. ಅಡಿಗೆಮನೆಯಲ್ಲಿ ನಾನೊಬ್ಬಳೇ. ಚಳಿಗೆ ನನಗೆ ಬೇಕಾದೀತೆಂದು ಬಾಣಂತಿ ಖಾರದ ಪುಡಿಯನ್ನು ಸಣ್ಣ ಡಬ್ಬಿಯಲ್ಲಿ ತುಂಬಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಅದರಲ್ಲಿ ಏನೇನಿದೆ ನಿನಗೆ ಗೊತ್ತು, ಕುಟ್ಟಿದವಳೇ ನೀನು. ಒಣಶುಂಠಿ, ಹಿಪ್ಪಲಿ, ಮೆಣಸು, ಓಮ. ಎರಡು ಚಮಚ ತುಂಬಾ ಹಾಕಿ ಕಲಕಿಬಿಟ್ಟೆ. ಕುಡಿದವರು ಥೂ ಎಂದು ಉಗಿಯಲಿ, ಒಂದು ಸಲವಾದರೂ ಆ ಪಾತ್ರೆ ತುಂಬಿದ್ದು ತುಂಬಿದ ಹಾಗೇ ಉಳಿಯಲಿ ಎಂದು.

ಆದದ್ದೇ ಬೇರೆ. ಚೆಲುವರಾಜು ಒಂದು ಗುಟುಕು ಕುಡಿದವನೇ, “ಆಹಾ! ಏನ್ ಹಾಕಿದೀರಿ ಆಂಟಿ ಇವತ್ತು? ಗಂಟ್ಲಿಂದ ಹೊಟ್ಟೆವರ್ಗೂ ಹೀಟರ್ ಆನ್ ಮಾಡ್ದಂಗಿದೆ!” ಎಂದ. ಕೆಮ್ಮಿನ ಔಷಧಿಯ ಸೀಸೆಯನ್ನೇ ಮರೆತ. ಬಿಂದುಶ್ರೀ, “ಆಂಟಿ, ರೆಸಿಪಿ ಕೊಡ್ಲೇಬೇಕು,” ಎಂದು ಹಟ ಹಿಡಿದಳು. ಶ್ರಿಯಾ ಕೂಡ, “ಸ್ಪೈಸಿ ಚಾಕ್ಲೆಟ್!” ಎಂದು ಕುಣಿಯಿತು. ಸುಧಾಮಣಿ ತನ್ನ ಲೋಟದಿಂದ ಒಂದು ಗುಟುಕು ಕುಡಿದಳು. ನಿಂತಳು. ಇನ್ನೊಂದು ಗುಟುಕು ಕುಡಿದು ನನ್ನ ಕಡೆ ನೋಡಿದಳು. ಆಮೇಲೆ ನಗುತ್ತಾ, “ಅದು ಗುಟ್ಟು ಕಣ್ರಮ್ಮಾ,” ಎಂದುಬಿಟ್ಟಳು! ಪುಡಿ ನನ್ನದು, ಕುಟ್ಟಿದ ಕೈ ನಿನ್ನದು, ಹೊಗಳಿಕೆ ಮೈಸೂರಿನವಳಿಗೆ.

ಆ ಉರಿಯಲ್ಲಿ ನಾನು ಹಂಸಾಳ ಕಡೆ ನೋಡಿರಲಿಲ್ಲ. ತಿರುಗಿದರೆ ಅವಳೂ ಒಂದು ಲೋಟ ಎತ್ತಿ ತುಟಿಗೆ ಹಿಡಿದಿದ್ದಾಳೆ. ಹೆತ್ತ ಮೇಲೆ ಕೊಡುವ ಪುಡಿ ಅದು. ತುಂಬಿದ ಬಸುರಿಗೆ ಅಷ್ಟು ಉಷ್ಣ ಕೊಟ್ಟರೆ ಏನಾದೀತೆಂದು ನಮ್ಮ ಹಟ್ಟಿಯಲ್ಲಿ ಯಾವ ಹೆಂಗಸಿಗೆ ಗೊತ್ತಿಲ್ಲ? ಓಡಿಹೋಗಿ ಲೋಟ ಕಿತ್ತುಕೊಂಡೆ. ಅರ್ಧ ಅವಳ ಸೀರೆಯ ಮೇಲೆ, ಅರ್ಧ ರತ್ನಗಂಬಳಿಯ ಮೇಲೆ.

“ನಿಂಗ್ ಬೇಡ ಇದು! ಉಷ್ಣ!” ಎಂದೆ.

“ಏನಮ್ಮಾ ಇದು? ನಿನ್ನೆ ಕುಡಿದಾಗ ಇಲ್ದೇ ಇರೋ ಉಷ್ಣ ಇವತ್ತು ಎಲ್ಲಿಂದ ಬಂತು?”

ಏನೆಂದು ಹೇಳಲಿ? ಬಾಯಿಬಿಟ್ಟರೆ ನನ್ನ ಮಾನ ಹೋಗುತ್ತದೆ, ಬಿಡದಿದ್ದರೆ ಅವಳು ಇನ್ನೊಂದು ಲೋಟ ತುಂಬಿಕೊಳ್ಳುತ್ತಾಳೆ. “ಬೇಡ ಅಂದ್ರೆ ಬೇಡ,” ಎಂದು ಪಾತ್ರೆಗೆ ಅಡ್ಡ ನಿಂತೆ.

ಹಂಸಾ ಎಲ್ಲರ ಮುಂದೆ ಅತ್ತಳು. “ನಮ್ಮತ್ತೆ ಕೈಲಿ ಒಂದು ಲೋಟ ಹಾಲು ಕುಡಿಯೋಕೂ ಬಿಡಲ್ವಾ ನೀನು? ಬಂದಾಗ್ನಿಂದ ನೋಡ್ತಾನೇ ಇದೀನಿ,” ಎಂದಳು. ಚೆಲುವರಾಜು ಬೆಂಕಿಗೆ ಕಟ್ಟಿಗೆ ತರುತ್ತೇನೆಂದು ಎದ್ದು ಹೋದ. ಬುಟ್ಟಿಯ ತುಂಬ ಕಟ್ಟಿಗೆ ಇತ್ತು.

ಆಗ ಸುಧಾಮಣಿ ಬಂದು ಹಂಸಾಳ ಬೆನ್ನು ಸವರಿ, “ಅವ್ರು ಹೇಳಿದ್ದು ಸರಿ ಕಣಮ್ಮ. ಇವತ್ತು ನಾನು ಶುಂಠಿಗಿಂಠಿ ಏನೇನೋ ಹಾಕ್ಬಿಟ್ಟಿದೀನಿ, ನಿಂಗೆ ಆಗ್ಬರಲ್ಲ. ಬರೀ ಹಾಲು ಕಾಯಿಸ್ಕೊಡ್ತೀನಿ ಬಾ,” ಎಂದಳು. ಎಲ್ಲ ಗೊತ್ತಾಗಿದೆ ಅವಳಿಗೆ! ಅವಳು ನನ್ನ ಜುಟ್ಟು ಹಿಡಿದು ಬಯ್ದಿದ್ದರೆ ನಾನೂ ಎರಡು ಬಯ್ದು ಹೊಟ್ಟೆ ತಣ್ಣಗೆ ಮಾಡಿಕೊಳ್ಳುತ್ತಿದ್ದೆ. ನನ್ನ ಕಳ್ಳತನವನ್ನೂ ತನ್ನ ತಲೆಯ ಮೇಲೆ ಹೊತ್ತುಕೊಂಡು ನನ್ನ ಮಗಳನ್ನು ಒಳಗೆ ಕರೆದುಕೊಂಡು ಹೋದಳಲ್ಲ, ಅಂಥವಳ ಹತ್ತಿರ ಹೇಗೆ ಜಗಳವಾಡುವುದು ಹೇಳು? ಹಂಸಾಳಿಗೆ ಏನೂ ಆಗಲಿಲ್ಲ, ತುಟಿಗೆ ಮುಟ್ಟಿದ್ದಷ್ಟೇ. ತಾಯಿ ಚೌಡೇಶ್ವರಿ ಕಾಪಾಡಿದಳು.

ಸೋಮವಾರ ವಾಪಸ್ಸು ಬಂದೆವು. ಹಂಸಾ ನನ್ನ ಜೊತೆ ಚೆನ್ನಾಗಿಯೇ ಇದ್ದಾಳೆ, ಸ್ವಲ್ಪ ಹೆಚ್ಚೇ ಚೆನ್ನಾಗಿದ್ದಾಳೆ. ಇವತ್ತು ನಾಳೆಯಲ್ಲಿ ಅಳಿಯಂದಿರು ಎಕ್ಸ್‌ಟೆನ್ಷನ್ನಿನ ಅರ್ಜಿ ಹಾಕಿಬಿಟ್ಟರೆ ನನಗೆ ನೆಮ್ಮದಿ. ಸುಧಾಮಣಿ ಹಾಲನ್ನಾದರೂ ಕಾಯಿಸಲಿ, ಹಿಮದ ಮೇಲಾದರೂ ಜಾರಲಿ. ಬಾಣಂತಿಗೆ ಎಣ್ಣೆ ಹಚ್ಚಿ ನೀರು ಹುಯ್ಯುವ ಕೈ, ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎರೆಯುವ ಕೈ ನನ್ನದೇ ಆಗಿರುತ್ತದೆ. ಪುಡಿ ಸ್ವಲ್ಪ ಕಡಿಮೆ ಬಿತ್ತಲ್ಲ, ಇನ್ನೊಂದು ಸೇರು ಕುಟ್ಟಿಡು. ನಮ್ಮೂರ ಅಶ್ವತ್ಥನಾರಾಯಣನ ಮಗಳು ಏಪ್ರಿಲಿನಲ್ಲಿ ಈ ಕಡೆ ಬರುತ್ತಾಳಂತೆ, ಅವಳ ಕೈಯಲ್ಲಿ ಕಳಿಸು. ಹಿಪ್ಪಲಿಯನ್ನು ನಾಗಮಂಗಲದ ಸಂತೆಯಲ್ಲಿ ನೋಡಿ ತಗೋ, ಹುಳ ಹಿಡಿದದ್ದು ಬೇಡ.

ನಿನ್ನ ಮಂಡಿನೋವು ಬೇಗ ಇಳಿಯಲಿ. ಮನೆ ಮಕ್ಕಳಿಗೆಲ್ಲ ಒಳ್ಳೆಯದಾಗಲಿ, ಹಾಲು ಕರೆಯುವ ನಿನ್ನ ಎಮ್ಮೆ ಬತ್ತದಿರಲಿ.

ಇಂತಿ ನಿನ್ನ ಅಕ್ಕ,
ತಾಯಮ್ಮ

ಮ. ವಿ.: ಶುಕ್ರವಾರ. ಕವರು ಅಂಟಿಸಿರಲಿಲ್ಲ, ಅದಕ್ಕೇ ಇಷ್ಟು ಸೇರಿಸುತ್ತಿದ್ದೇನೆ. ನಿನ್ನೆ ಊಟವಾದ ಮೇಲೆ ಅರ್ಜಿ ಏನಾಯಿತೆಂದು ಅಳಿಯಂದಿರನ್ನು ಕೇಳಿದೆ. ಅವರು ಹಂಸಾಳ ಮುಖ ನೋಡಿದರು. ಹಂಸಾ ಬಂದು ನನ್ನ ಪಕ್ಕ ಕೂತು ಕೈ ಹಿಡಿದುಕೊಂಡಳು. “ಎಕ್ಸ್‌ಟೆನ್ಷನ್ ಬೇಡಮ್ಮ. ನಾನೇ ಬೇಡ ಅಂದೆ. ನೀವಿಬ್ರೂ ಇದ್ರೆ ಯಾರ ಲೋಟ ಮೊದ್ಲು ಮುಟ್ಲಿ ಅಂತ ನಾನು ಹೆದರ್ಕೊಂಡೇ ಇರ್ಬೇಕು,” ಎಂದಳು. “ಹಂಗಾದ್ರೆ ಅವ್ರನ್ನ ಕಳ್ಸು,” ಎಂದೆ. ನನ್ನ ಕೈ ಬಿಡದೆಯೇ ಹೇಳಿದಳು, “ಆ ಕೈ ನಂಗೆ ಅಭ್ಯಾಸ ಆಗೋಗಿದೆ ಅಮ್ಮ.”

ಪುಡಿ ಕುಟ್ಟಬೇಡ. ಮೇ ತಿಂಗಳ ಕೊನೆಗೆ ನನ್ನ ಟಿಕೆಟ್ಟು. ಊರಲ್ಲಿ ಯಾರಾದರೂ ಬಾಣಂತನ ಬಿಟ್ಟು ಯಾಕೆ ಬಂದಳು ಎಂದು ಕೇಳಿದರೆ, ಅಮೇರಿಕದ ಸರ್ಕಾರ ಇರಗೊಡಲಿಲ್ಲ ಎಂದು ಹೇಳು. ಮಗಳು ಬಹಳ ಅತ್ತಳಂತೆ, ಕಾಲಿಗೆ ಬಿದ್ದು ಕೇಳಿಕೊಂಡಳಂತೆ, ಆದರೂ ಸರ್ಕಾರದವರು ಕರಗಲಿಲ್ಲವಂತೆ ಅನ್ನು.