ಅಲಗು ಇನ್ನು ಕಾಯುವುದಿಲ್ಲ

ಪ್ರೀತಿಯ ಅಕ್ಕಾ,

ಭಾವನ ಕೈಯಲ್ಲಿ ಈ ಪತ್ರದ ಜೊತೆ ಒಂದು ಪೊಟ್ಟಣ ಕಳಿಸಿದ್ದೇನೆ. ಅದನ್ನು ಈಗಲೇ ಬಿಚ್ಚಬೇಡ, ಮೊದಲು ಓದು. ಓದುವಾಗ ನಗಬೇಡ. ಬೆಳಿಗ್ಗೆ ಫೋನಿನಲ್ಲಿ ನಕ್ಕೆಯಲ್ಲ, ಅಷ್ಟು ಸಾಕು.

ನೀನು ಮಗಳ ಬಾಣಂತನಕ್ಕೆ ಹೋದ ಮೇಲೆ ನಿನ್ನ ಕಾಗದ ಕತ್ತರಿಸುವ ಯಂತ್ರದ ಕಂಪ್ಯೂಟರ್ ಸುಟ್ಟುಹೋಯಿತು. ಆ ತಲೆಮಾರಿನ ಪ್ರೊಸೆಸರ್ ಗುಜರಿಯಲ್ಲೂ ಸಿಗಲಿಲ್ಲ. ಅದರ ಮರಿಮಗ ಎನ್ನಬಹುದಾದ ಹೊಸದೊಂದನ್ನು ಪ್ರೆಸ್ಸಿನ ಯಜಮಾನರು ತಂದರು, ನಾನೇ ಕೂರಿಸಿದೆ. ಹಳೆಯ ಪ್ರೋಗ್ರಾಂ ಅದರಲ್ಲಿ ತಕರಾರಿಲ್ಲದೆ ಓಡಿತು. ಯಜಮಾನರು ಖುಷಿಯಿಂದ ಟೀ ತರಿಸಿದರು. ಆಮೇಲೆ ನಾನು ಪೆಡಲ್ ತುಳಿದೆ. ಕಾಲು ಎತ್ತುವ ಮೊದಲೇ ಅಲಗು ಬಿದ್ದಿತ್ತು.

ಪೆಡಲ್ ತುಳಿದ ಮೇಲೆ ಯಂತ್ರ ಒಂದು ಉಸಿರಿನಷ್ಟು ಕಾಯುತ್ತಿತ್ತಲ್ಲ, ಅದು ಗಡಿಯಾರ ನೋಡಿ ಕಾಯುತ್ತಿರಲಿಲ್ಲ ಅಕ್ಕಾ. ಒಳಗೊಳಗೇ ಎಣಿಸಿ, ಎಣಿಕೆ ಮುಗಿದ ಕೂಡಲೇ ಅಲಗು ಬಿಡುತ್ತಿತ್ತು. ಹಳೆಯ ಪ್ರೊಸೆಸರ್ ಅಜ್ಜಿಯ ಹಾಗೆ ನಿಧಾನವಾಗಿ ಎಣಿಸುತ್ತಿತ್ತು. ಹೊಸದು ಕಣ್ಣಾಮುಚ್ಚಾಲೆಯಲ್ಲಿ ನಾನು ಎಣಿಸುತ್ತಿದ್ದ ಹಾಗೆ, ಕಣ್ಣು ಮುಚ್ಚುವ ಮೊದಲೇ ನೂರು ಮುಟ್ಟುತ್ತದೆ. ಎಣಿಕೆ ಅದೇ, ಒಂದೂ ತಪ್ಪಿಲ್ಲ. ಕಾಯುವುದು ಮಾತ್ರ ಇಲ್ಲ.

ನಿನ್ನ ಕಾಲು ಪೆಡಲ್ ತುಳಿಯುವಾಗ ಕೈ ಎಲ್ಲಿರುತ್ತದೆಂದು ನನಗೆ ಗೊತ್ತು. ಕಾಗದದ ಅಟ್ಟಿಯ ಅಂಚನ್ನು ಕೊನೆಯದಾಗಿ ಒಮ್ಮೆ ತಟ್ಟಿ ಸಮ ಮಾಡುತ್ತಿರುತ್ತದೆ, ಆಮೇಲೆ ಹಿಂದಕ್ಕೆ ಬರುತ್ತದೆ. ಅಪ್ಪ ಕಲಿಸಿದ ಅಭ್ಯಾಸ. ಕೈ ಅಲಗಿನಡಿ ಹೋಗದಂತೆ ಇದ್ದ ತಡೆಗಂಬಿ ಅಡ್ಡ ಬರುತ್ತದೆಂದು ಅದನ್ನೂ ಬಿಚ್ಚಿಸಿದ್ದೀ. ನಾನು ಬೈದಾಗೆಲ್ಲ, "ಅದು ಯಾವಾಗ ಬರುತ್ತೆ ಅಂತ ನನ್ನ ಕೈಗೆ ಗೊತ್ತು ಕಣೇ" ಎನ್ನುತ್ತಿದ್ದೆ. ನಿನ್ನ ಕೈಗೆ ಗೊತ್ತಿರುವುದೇ ಈಗ ನನಗೆ ಭಯ. ಬೇಡ ಎಂದು ನೀನು ಅಂದುಕೊಂಡರೂ ಅದು ತನ್ನ ಪಾಡಿಗೆ ಹೋಗಿಬಿಡುತ್ತದೆ. ಕಣ್ಣು ಮೇಲೇರುವಷ್ಟು ಬಿಗಿಯಾಗಿ ನನಗೆ ಜಡೆ ಹಾಕುತ್ತಿದ್ದ ಕೈ ಅದು. ನಿನ್ನೆಯವರೆಗೂ ಮೊಮ್ಮಗುವಿಗೆ ನೀರೆರೆಯುತ್ತಿದ್ದ ಕೈ.

ಯಜಮಾನರಿಗೆ ಹೇಳಿದರೆ, "ನಿಮ್ಮಕ್ಕ ನಿನ್ನೆ ಮೊನ್ನೆ ಸೇರಿದೋಳಾ? ನೋಡ್ಕೊಂಡು ಮಾಡ್ತಾಳೆ ಬಿಡಮ್ಮ" ಎಂದರು. ನಿನಗೆ ಹೇಳಿದರೆ, "ಚುರುಕಾದ್ರೆ ಒಳ್ಳೇದೇ ಅಲ್ವೇನೇ, ಬೇಗ ಮನೆ ಸೇರ್ತೀನಿ" ಎಂದು ನಕ್ಕೆ. ಗಡಿಯಾರ ನೋಡಿ ಕಾಯುವ ಹಾಗೆ ಪ್ರೋಗ್ರಾಂ ತಿದ್ದುತ್ತಿದ್ದೇನೆ. ನೀನು ನಾಳೆ ಕೆಲಸಕ್ಕೆ ಬರುವಷ್ಟರಲ್ಲಿ ಅದು ಮುಗಿಯುವುದಿಲ್ಲ. ಅದಕ್ಕೇ ಪೆಡಲಿನ ತಂತಿ ಕಿತ್ತು ಮನೆಗೆ ತಂದಿದ್ದೇನೆ. ಕೇಳಿದರೆ ಯಜಮಾನರು ಬೇರೆ ತಂತಿ ಕೊಟ್ಟಾರು. ದಮ್ಮಯ್ಯ, ಕೇಳಬೇಡ.

ಈಗ ಪೊಟ್ಟಣ ಬಿಚ್ಚು. ನಿನ್ನದೇ ಕೈಗವಸು, ಯಂತ್ರದ ಪಕ್ಕದ ಮೊಳೆಗೆ ನೇತುಹಾಕಿ ಹೋಗಿದ್ದೆಯಲ್ಲ, ಅದು. ತಂತಿ ಕೀಳುವ ಮೊದಲು ಅದರೊಳಗೆ ರದ್ದಿ ಕಾಗದ ತುಂಬಿ, ಕೋಲಿಗೆ ಕಟ್ಟಿ, ಪೆಡಲ್ ತುಳಿಯುತ್ತಾ ನೀನು ತಟ್ಟುವ ಹಾಗೆಯೇ ಅಂಚನ್ನು ಒಮ್ಮೆ ತಟ್ಟಿದೆ. ಹಿಂದಕ್ಕೆಳೆದಾಗ ಕೋಲಿನಲ್ಲಿ ಹೆಬ್ಬೆರಳು ಮಾತ್ರ ಉಳಿದಿತ್ತು. ಬಾಕಿ ನಾಲ್ಕನ್ನು ಅಲಗಿನ ಆಚೆಯಿಂದ ಆರಿಸಿ ಜೊತೆಗೇ ಇಟ್ಟಿದ್ದೇನೆ.

ನೋಡಿದ ಮೇಲೂ ನಗು ಬಂದರೆ ನಗು. ನಾನು ಬರುವವರೆಗೆ ಮಾತ್ರ ಯಂತ್ರವನ್ನು ಮುಟ್ಟಬೇಡ. ನಿನ್ನ ಹತ್ತು ಬೆರಳೂ ನೂರು ಕಾಲ ನೆಟ್ಟಗಿರಲಿ.

ಇಂತಿ,
ನಿನ್ನ ಪುಕ್ಕಲು ತಂಗಿ