ಗೋದಾಮಿನಲ್ಲಿ ಉಳಿದ ಎರಡು ಸೀಟು

ಹುಬ್ಬಳ್ಳಿ, ಉಣಕಲ್ ದಂಡೆ
ಉಳಿಕೆ ತಿಂಗಳು, ೯ನೇ ತಾರೀಖು, ೨೧೪೭

ಚಿರಂಜೀವಿ ಶಿವಯೋಗಿಗೆ ಅನೇಕ ಆಶೀರ್ವಾದಗಳು.

ಹೇಗಿದ್ದೀ? ನಿಮ್ಮ ಅವ್ವ ಕಸ್ತೂರವ್ವ ಆರಾಮಿದ್ದಾಳೆಯೇ? ಅವಳ ಎಡ ಮೊಣಕಾಲಿನ ನೋವು ಹೇಗಿದೆ? ಅಕ್ಕ ಸುವರ್ಣಾಳ ಕೆಮ್ಮು ನಿಂತಿತೇ? ಪ್ರೆಸ್ಸಿನಲ್ಲಿ ಅವ್ವನ ಜೊತೆಗಾತಿ ಹಮೀದಾಬಾನು ಕಣ್ಣಿನ ಆಪರೇಶನ್ ಮಾಡಿಸಿಕೊಂಡಳೇ, ಇಲ್ಲ ಇನ್ನೂ ಮುಂದೂಡುತ್ತಲೇ ಇದ್ದಾಳೆಯೇ? ನಾವಿಲ್ಲಿ ಕ್ಷೇಮ. ನನಗೂ ನೋಯುವುದು ಎಡ ಮೊಣಕಾಲೇ. ಅದು ನಿಮ್ಮ ಕಡೆಯಿಂದ ಇಳಿದು ಬಂದದ್ದು ಎನ್ನುತ್ತಾರೆ.

ತಾರೀಖು ನೋಡಿ ಯಾರೋ ಹುಡುಗಾಟ ಮಾಡಿದ್ದಾರೆಂದು ಕಾಗದ ಮಡಚಬೇಡ. ನಮ್ಮಲ್ಲಿ ವರ್ಷಕ್ಕೆ ಹದಿಮೂರು ತಿಂಗಳು, ಒಂದೊಂದಕ್ಕೆ ಇಪ್ಪತ್ತೆಂಟು ದಿನ. ಕೊನೆಯ ತಿಂಗಳಿಗೆ ಉಳಿಕೆ ಎಂದು ಹೆಸರು. ನಾನು ನಿನ್ನ ಮರಿಮೊಮ್ಮಗಳು ಮಂದಾಕಿನಿ, ವಯಸ್ಸು ಎಪ್ಪತ್ತಾರು. ಸಂಬಂಧದಲ್ಲಿ ನೀನು ನನ್ನ ಮುತ್ತಜ್ಜ. ಆದರೆ ಈ ಕಾಗದ ಕೈಸೇರುವಾಗ ನಿನಗೆ ಇಪ್ಪತ್ತೊಂಬತ್ತು. ಕಾಲಿಗೆ ಬೀಳಲೋ ಕಿವಿ ಹಿಂಡಲೋ ತಿಳಿಯದೆ ಎರಡು ದಿನ ಯೋಚಿಸಿ, ಕೊನೆಗೆ ಹಿರಿಯಳಾಗಿಯೇ ಬರೆಯುವುದೆಂದು ಕೂತೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸು. ನಮ್ಮ ಕಾಲದಲ್ಲಿ ಕೈಬರಹವನ್ನು ಯಾರೂ ಕಲಿಸುವುದಿಲ್ಲ. ಮನೆಯಲ್ಲಿ ಉಳಿದಿದ್ದ ಹಳೆಯ ಲಗ್ನಪತ್ರಿಕೆಗಳ ಮೇಲೆ ಬೆರಳಾಡಿಸಿ ಅಕ್ಷರ ಕಲಿತವಳು ನಾನು. ನಡುವೆ ಎಲ್ಲಿಯಾದರೂ ‘ಸಕುಟುಂಬ ಸಪರಿವಾರ’ ನುಸುಳಿದರೆ ನಗಬೇಡ. ಆ ಪತ್ರಿಕೆಗಳೆಲ್ಲ ಗದಗಿನ ಪ್ರೆಸ್ಸಿನಲ್ಲಿ ನಿಮ್ಮ ಅವ್ವ ತಪ್ಪು ತಿದ್ದಿದವು. ಅಷ್ಟರಮಟ್ಟಿಗೆ ಅವಳೇ ನನ್ನ ಮೇಷ್ಟ್ರು.

ಈ ಕಾಗದ ಬರುವುದು ಹಿಂದಂಚೆಯಲ್ಲಿ. ಎಪ್ಪತ್ತೈದು ದಾಟಿದವರು ಜೀವಮಾನದಲ್ಲಿ ಒಂದೇ ಸಲ, ತಮ್ಮ ರಕ್ತದ ಹಿಂದಿನವರೊಬ್ಬರಿಗೆ ಒಂದು ಕಾಗದ ಕಳಿಸಬಹುದು. ಹಳೇ ರೈಲ್ವೆ ಸ್ಟೇಶನ್ನಿನ ಪ್ಲಾಟ್‌ಫಾರ್ಮಿನ ತುದಿಗೆ ಅದರ ಕಚೇರಿ. ಅದು ಹೇಗೆ ಹೋಗುತ್ತದೆಂದು ಅಲ್ಲಿಯವರು ಬಿಡಿಸಿ ಹೇಳಿದರೂ ನನ್ನ ತಲೆಗೆ ಹತ್ತಲಿಲ್ಲ. ಹತ್ತಿದ್ದು ಇಷ್ಟೇ: ನಾವು ಹೇಳಿದ ದಿನಕ್ಕೆ ಅದು ಮುಟ್ಟುವುದಿಲ್ಲ, ನಾಲ್ಕೈದು ತಿಂಗಳು ಹಿಂದೆ ಮುಂದೆ ಆಗುತ್ತದೆ. ಮುಟ್ಟಿತೋ ಇಲ್ಲವೋ ಹೇಳುವವರಿಲ್ಲ. ಹೆಚ್ಚಿನವರು ಇಂಥ ಕಡೆ ಜಾಗ ಹಿಡಿ, ಇಂಥವರ ಮನೆಗೆ ಹೆಣ್ಣು ಕೊಡಬೇಡ ಎಂದು ಬರೆಯುತ್ತಾರಂತೆ. ಬರೆದವರ ಬದುಕಿನಲ್ಲಿ ಏನಾದರೂ ಬದಲಾದದ್ದನ್ನು ತಾನಂತೂ ಕಂಡಿಲ್ಲ ಎಂದು ಗುಮಾಸ್ತ ಹೇಳಿದ. ನಿಮ್ಮದೇನು ವಿಷಯ ಎಂದು ಕೇಳಿದ. ಗಾಡಿಯ ಸೀಟು ಎಂದೆ. ಅವನು ಕನ್ನಡಕ ತೆಗೆದು ನನ್ನನ್ನು ನೋಡಿದ.

‘ನೂರಿಪ್ಪತ್ತ ವರ್ಷ ಹಿಂದಕ್ಕ ಕಳಸೂದು ಒಂದ ಕಾಗದ. ಅದರಾಗ ಕುರ್ಚಿ ಸುದ್ದಿ ಬರೀತೀರೇನ್ರೀ ಅಜ್ಜೀ?’

ಮೊಮ್ಮಗಳು ತುಂಗಾಳಿಗೂ ಸಿಟ್ಟು. ಮನೆ ಕಟ್ಟಿಸುವಾಗ ಇನ್ನೊಂದು ಕೋಣೆ ಹೆಚ್ಚಿಗೆ ಹಾಕಿಸು ಎಂದಾದರೂ ಬರೆಯಬಾರದೇ, ನಾಲ್ಕು ಜನ ಒಂದೇ ಕಡೆ ಮಲಗುತ್ತೇವಲ್ಲ ಎಂದಳು. ಅವಳ ಮಾತಿನಲ್ಲಿ ತಪ್ಪಿಲ್ಲ. ಆದರೂ ನಾನು ಸೀಟಿನ ಬಗ್ಗೆಯೇ ಬರೆಯುತ್ತಿದ್ದೇನೆ.

ಯಾಕೆಂದು ತಿಳಿಯಬೇಕಾದರೆ ನಾವು ಓಡಾಡುವ ರೀತಿಯನ್ನು ನೀನು ತಿಳಿಯಬೇಕು. ಇಲ್ಲಿ ಯಾರ ಮನೆಯಲ್ಲೂ ಗಾಡಿ ಇಲ್ಲ, ಸರತಿಬಂಡಿ ಇದೆ. ಬೆಳಗ್ಗೆ ಹೆಸರು ಹೇಳಿದರೆ ನಮ್ಮ ಸರತಿಗೆ ಮನೆಯೆದುರು ಬಂದು ನಿಲ್ಲುವ, ಬೀರುವಿನಷ್ಟು ಅಗಲದ, ಸ್ಟೇರಿಂಗ್ ಇಲ್ಲದ ಡಬ್ಬಿ ಅದು. ಬಣ್ಣವಿಲ್ಲ, ಸದ್ದಿಲ್ಲ, ಒಂದನ್ನು ಹಿಂದಿಕ್ಕಿ ಇನ್ನೊಂದು ಓಡುವುದಿಲ್ಲ. ಕೂರುವವರ ಮೊಣಕಾಲು ನೋಡಿ ಸೀಟು ತಾನೇ ಮೇಲೆದ್ದು ಬರುತ್ತದೆ. ಆ ವಿಷಯದಲ್ಲಿ ದೂರುವಂತಿಲ್ಲ. ಆದರೆ ಒಬ್ಬರಿಗೊಂದು. ಇಬ್ಬರು ಕೂರುವ ಬಂಡಿಗಳು ನಾನು ಹುಟ್ಟುವ ಮೊದಲೇ ನಿಂತುಹೋದವು. ತುಂಗಾ ಮತ್ತು ನಾನು ದಿನಾ ಗದಗಿನ ಬೀಜಮನೆಗೆ ಕೆಲಸಕ್ಕೆ ಹೋಗುತ್ತೇವೆ. ಕಾಳು ಆರಿಸಿ, ಒಣಗಿಸಿ, ಡಬ್ಬಿಗೆ ತುಂಬಿ ಹೆಸರಿನ ಚೀಟಿ ಅಂಟಿಸುವ ಕೆಲಸ. ಹನ್ನೊಂದರಿಂದ ಐದರವರೆಗೆ ಬಿಸಿಲುಬೀಗ, ಅಂದರೆ ಬಾಗಿಲುಗಳು ತಾವೇ ಮುಚ್ಚಿಕೊಂಡು ಯಾರೂ ಹೊರಗೆ ಕಾಲಿಡದ ಹೊತ್ತು. ಅದಕ್ಕೆ ಮೊದಲೇ ಹೋಗಿ ಮುಟ್ಟಬೇಕು. ಅವಳ ಬಂಡಿ ಮುಂದೆ, ನನ್ನದು ಹಿಂದೆ. ಐವತ್ತೆಂಟು ಕಿಲೋಮೀಟರೂ ಗಾಜಿನಾಚೆ ಅವಳ ತುರುಬು ನೋಡುತ್ತ ಹೋಗುತ್ತೇನೆ. ಅಣ್ಣಿಗೇರಿ ದಾಟಿದ ಮೇಲೆ ಗದಗಿನ ಕಚೇರಿಯಿಂದ ನೀನು ನೋಡಿಕೊಳ್ಳುವ ಗಾಳಿಯಂತ್ರಗಳಲ್ಲಿ ಮೂರು ಇನ್ನೂ ನಿಂತಿವೆ. ರೆಕ್ಕೆಗಳಿಲ್ಲ, ತುದಿಯಲ್ಲಿ ಹದ್ದಿನ ಗೂಡು. ನೋಡಿದೆಯಾ ಎಂದು ತುಂಗಾಳನ್ನು ಕೇಳಬೇಕೆನಿಸುತ್ತದೆ. ಇಳಿದ ಮೇಲೆ ಕೇಳಿದರೆ ಆ ಮಾತಿಗೆ ರುಚಿ ಇರುವುದಿಲ್ಲ.

ಇಬ್ಬರು ಅಕ್ಕಪಕ್ಕ ಕೂತು ಕೆಲಸಕ್ಕೆ ಹೋಗುವುದು ಹೇಗಿರುತ್ತದೆಂದು ನಾನು ತಿಳಿದದ್ದು ನಿನ್ನಿಂದ, ನಿಮ್ಮ ಅವ್ವನಿಂದ. ನಿನ್ನ ಸಣ್ಣ ಬಿಳಿ ಗಾಡಿಯ ಗಾಜಿಗೆ ಕ್ಯಾಮೆರಾ ಅಂಟಿಸಿದ್ದೀಯಲ್ಲ, ಎಲ್ಲಿಯಾದರೂ ಡಿಕ್ಕಿಯಾದರೆ ಸಾಕ್ಷಿ ಇರಲೆಂದು? ಅದು ರಸ್ತೆಯ ಜೊತೆಗೆ ಒಳಗಿನ ಮಾತನ್ನೂ ಹಿಡಿಯುತ್ತದೆ. ತಿಂಗಳಿಗೊಮ್ಮೆ ನೀನು ಎಲ್ಲವನ್ನೂ ಹಾರ್ಡ್ ಡಿಸ್ಕಿಗೆ ತೆಗೆದಿಟ್ಟೆ. ತೆಗೆದಿಟ್ಟದ್ದನ್ನು ಒಮ್ಮೆಯೂ ಕೇಳಲಿಲ್ಲ. ಅದು ಕೈಯಿಂದ ಕೈಗೆ ದಾಟಿ ನನ್ನವರೆಗೆ ಬಂತು. ಅದನ್ನು ತೆರೆಯುವುದನ್ನು ನಾನೇ ತಿಣುಕಿ ಕಲಿತೆ, ಮೂರು ವರ್ಷ ಹಿಡಿಯಿತು. ಈಗ ಬಿಸಿಲುಬೀಗದ ಹೊತ್ತಿನಲ್ಲಿ ಬೀಜಮನೆಯ ಮೂಲೆಯಲ್ಲಿ ಕೂತು ನಿಮ್ಮ ಹದಿನಾಲ್ಕು ತಿಂಗಳನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಅವಳು ಎಲ್ಲಿ ಕೆಮ್ಮುತ್ತಾಳೆ, ನೀನು ಎಲ್ಲಿ ಹಾರ್ನ್ ಹೊಡೆಯುತ್ತೀ ಎಂಬುದೂ ಬಾಯಿಪಾಠ. ದಾರಿಯ ಬೋರ್ಡುಗಳನ್ನೆಲ್ಲ ಅವಳು ಗಟ್ಟಿಯಾಗಿ ಓದಿ ಬರೆದವರಿಗೆ ಬೈಯುತ್ತಾಳೆ. ನೀನು ಇನ್ನೊಂದು ಬೋರ್ಡು ತೋರಿಸಿ ಅವಳನ್ನು ಕೆಣಕುತ್ತೀ. ಮನೆಯೊಳಗೆ ನೀವಿಬ್ಬರೂ ಇಷ್ಟು ಮಾತಾಡುತ್ತಿದ್ದಿರೆಂದು ನನಗೆ ಅನಿಸುವುದಿಲ್ಲ. ಎದುರುಬದುರು ಕೂರದೆ ಇಬ್ಬರೂ ರಸ್ತೆ ನೋಡುತ್ತಿದ್ದರೆ ಮಾತು ಬರುತ್ತದೆಯೋ ಏನೋ.

ಕೊನೆಯ ಐದು ತಿಂಗಳು ನಿಮ್ಮ ಮಾತೆಲ್ಲ ಹೊಸ ಗಾಡಿಯದೇ. ಹೊಸದೆಂದರೆ ಬೇರೊಬ್ಬರು ಓಡಿಸಿದ್ದು. ಮನಸ್ಸಿಗೆ ಹಿಡಿಸುವಷ್ಟು ಚುರುಕಾಗಿಯೂ ಇರಬೇಕು, ದಿನಕ್ಕೆ ನೂರಾ ಹದಿನಾರು ಕಿಲೋಮೀಟರು ಗೊಣಗದೆ ಹೋಗಿಬರಲೂ ಬೇಕು. ನೀನು ಮಾಡಿದ ಪಟ್ಟಿಯನ್ನು ಅವಳು ಓದುತ್ತಾಳೆ, ಪ್ರೂಫ್ ಓದುವ ಧಾಟಿಯಲ್ಲಿಯೇ: ಟೈರು ತಯಾರಾದ ವರ್ಷ, ಕ್ಲಚ್ಚು, ತಳದ ತುಕ್ಕು, ಬಣ್ಣ ಮತ್ತೆ ಹೊಡೆದಿದ್ದಾರೋ, ಸರ್ವಿಸಿನ ಪುಸ್ತಕ, ಡಿಕ್ಕಿಯಲ್ಲಿ ಪ್ರೆಸ್ಸಿನ ಎರಡು ಬಂಡಲ್ ಹಿಡಿಯುತ್ತವೆಯೋ. ಕೇಶ್ವಾಪುರದ ಗ್ಯಾರೇಜ್ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ ನೀನು ಮೂರು ಗಾಡಿ ನೋಡಿದೆ. ಮನಸ್ಸು ಮಾತ್ರ ಮೊದಲ ದಿನವೇ ಅವುಗಳಲ್ಲಿನ ಕೆಂಪು ಗಾಡಿಯ ಮೇಲೆ ಕೂತಿತ್ತು.

‘ಸ್ಪೋರ್ಟಿ ಅಂತ ಸ್ಪೋರ್ಟಿ,’ ಎಂದು ಅವಳು ನಗುತ್ತಾಳೆ. ‘ಸಾಲ್ಯಾಗ ಓಟದ ದಿನ ಹೊಟ್ಟಿನೋವು ಅಂತ ಮನ್ಯಾಗ ಮಲಗಾಂವ ನೀ. ಈಗ ಗಾಡೀನರ ಓಡಲಿ ಬಿಡು.’

‘ನೀ ಒಮ್ಮೆ ಕುಂತು ನೋಡ ಬೇ, ಆಮ್ಯಾಲ ಹೇಳು.’

‘ನಂದೇನು. ನೀ ಎಲ್ಲಿ ಕುಂದ್ರು ಅಂತಿ ಅಲ್ಲಿ ಕುಂದ್ರಾಕಿ ನಾ.’

ಇಲ್ಲಿಗೆ ಬಂದಾಗಲೆಲ್ಲ ನಾನು ನಿಲ್ಲಿಸಿಬಿಡುತ್ತೇನೆ. ಕುಂತು ನೋಡು ಎಂದು ನೀನು ಹೇಳಿದೆ, ಆದರೆ ಕರೆದುಕೊಂಡು ಹೋಗಲಿಲ್ಲ. ಪ್ರೆಸ್ಸಿನಲ್ಲಿ ಲಗ್ನದ ಸೀಸನ್ ಎಂದು ಅವಳೂ ಬರಲಿಲ್ಲ.

ಆ ಕೆಂಪು ಗಾಡಿಯ ಮೊದಲಿನ ಯಜಮಾನ ಶೋಕಿ ಮನುಷ್ಯ. ಸ್ಪ್ರಿಂಗ್ ಬದಲಿಸಿ ಗಾಡಿಯನ್ನು ತಗ್ಗಿಸಿದ್ದ. ಮುಂದಿನ ಎರಡೂ ಸೀಟು ತೆಗೆದು ರೇಸಿನವರು ಕೂರುವಂಥ, ಅಂಚು ಎತ್ತರವಾಗಿ ನಡು ಬಾವಿಯಂತೆ ಇಳಿದ ಸೀಟು ಹಾಕಿಸಿದ್ದ. ಅಣ್ಣಿಗೇರಿಯ ರಸ್ತೆಯುಬ್ಬಿಗೆ ತಳ ಬಡಿಯುತ್ತದೆಂದು ನೀನು ಹಟ ಹಿಡಿದು ಮೊದಲಿನ ಸ್ಪ್ರಿಂಗನ್ನೇ ವಾಪಸ್ ಹಾಕಿಸಿಕೊಂಡೆ. ಗಾಡಿಯ ತಳವನ್ನು ಅಷ್ಟು ಕಾಳಜಿಯಿಂದ ಕಾಪಾಡಿದೆ. ಗಾಡಿ ತರುವ ದಿನ ಕ್ಯಾಮೆರಾವನ್ನು ಅದಕ್ಕೆ ಅಂಟಿಸಿ ಚಾಲೂ ಮಾಡಿದೆಯಲ್ಲ, ಆಗ ಮಾರಿದವನು ಕಿಟಕಿಯ ಬಳಿ ಬಂದು ಹೇಳುತ್ತಾನೆ: ‘ಹಳೇ ಸೀಟು ಎರಡೂ ಗೋದಾಮಿನ್ಯಾಗ ಹಂಗ ಅದಾವ್ರೀ ಸರ್, ಪ್ಲಾಸ್ಟಿಕ್ಕಿನ್ಯಾಗ ಸುತ್ತಿ ಇಟ್ಟೀನಿ. ಒಯ್ರಲ್ಲ.’

‘ಬ್ಯಾಡ್ರೀ. ಎಲ್ಲಿ ಇಡೂದು,’ ಎನ್ನುತ್ತೀ.

ಅಷ್ಟೇ, ಎರಡೇ ಮಾತು. ನೂರಿಪ್ಪತ್ತು ವರ್ಷದ ಈಚೆ ಕೂತು ನಾನು ಪ್ರತಿ ಸಲ ‘ಹೂಂ ಅನ್ನೋ, ಹೂಂ ಅನ್ನು’ ಎನ್ನುತ್ತೇನೆ. ನೀನು ಪ್ರತಿ ಸಲ ಬ್ಯಾಡ್ರೀ ಎನ್ನುತ್ತೀ.

ಅವಳು ಆ ಗಾಡಿಯಲ್ಲಿ ಮೂರು ದಿನ ಬಂದಳು. ಹಿಂದೆ ಕೂತರೆ ಅವಳಿಗೆ ವಾಂತಿ ಬರುವುದು ನಿನಗೆ ಗೊತ್ತೇ ಇದೆ, ಕೂತದ್ದು ಮುಂದೆಯೇ. ಮೂರನೆಯ ದಿನ ಬೆಳಗ್ಗೆ ನೀನು ಪೆಟ್ರೋಲ್ ಪಂಪಿನಲ್ಲಿ ಇಳಿದು ಟೈರಿಗೆ ಗಾಳಿ ಹಾಕಿಸಲು ಹೋದೆ. ಆಗ ಅವಳು ಹಮೀದಾಬಾನುಗೆ ಫೋನ್ ಹಚ್ಚಿದಳು. ಆ ಮಾತನ್ನು ಕೇಳಿದ್ದು ಹಮೀದಾಬಾನು ಒಬ್ಬಳೇ. ಅವಳ ನಂತರ ನಾನು.

‘ಸೋಮವಾರದಿಂದ ನಾ ಬಸ್ಸಿಗೆ ಬರ್ತೀನಿ ಹಮೀದಾ. ಗಾಡಿ ಚಲೋನ ಐತಿ, ಕುಂತರ ಏಳಾಕ ಬರವಲ್ದು ನೋಡು. ನಿನ್ನಿ ಇಳಿಯೂಮುಂದ ಬಾಗಲಾ ಹಿಡಕೊಂಡು ಎಷ್ಟೊತ್ತು ನಿಂತೆ. ಅಂವ ಫೋನಿನ್ಯಾಗ ಇದ್ದ, ನೋಡಲಿಲ್ಲ, ಚಲೋ ಆತು. ಹೇಳಬ್ಯಾಡ ಅವಗ. ಎಷ್ಟ ವರ್ಷದಿಂದ ಬಯಸಿದ ಗಾಡಿ. ಗೊತ್ತಾದ್ರ ಮಾರ್ತೀನಿ ಅಂತಾನ.’

ಹೇಳಬ್ಯಾಡ ಎಂದು ಅವಳು ಅಷ್ಟು ಸ್ಪಷ್ಟವಾಗಿ ಅಂದದ್ದನ್ನು ನಾನು ನಿನಗೆ ಹೇಳುತ್ತಿದ್ದೇನೆ. ಅವಳಿಗೆ ನಾನು ಯಾರು ಎಂದೂ ಗೊತ್ತಿಲ್ಲ. ಇದಕ್ಕಾಗಿ ಕ್ಷಮೆ ಕೇಳಲು ಇನ್ನೊಂದು ಕಾಗದ ನನ್ನ ಬಳಿ ಇಲ್ಲ.

ಸೋಮವಾರ ಅವಳು ಪ್ರೆಸ್ಸಿನ ಟೈಮು ಬದಲಾಯಿತೆಂದು ಹೇಳಿದಳು, ನೀನು ನಂಬಿದೆ. ಬಸ್ಸಿನ ಮೆಟ್ಟಿಲು ಸೀಟಿಗಿಂತ ಕಷ್ಟವಾಗಿರಬೇಕು. ನಾಲ್ಕು ತಿಂಗಳಾದ ಮೇಲೆ, ಇಪ್ಪತ್ತಾರು ವರ್ಷ ಮಾಡಿದ ಕೆಲಸವನ್ನು ಬಿಟ್ಟಳು. ಸಾಕಾಯಿತು ಎಂದಳಂತೆ. ಇದು ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದ ಮಾತು, ಯಾಕೆಂದರೆ ಕೆಲಸ ಬಿಟ್ಟ ಮೇಲೆ ಅವಳು ಮನೆಗೆ ಬಂದ ಔಷಧದ ಚೀಟಿ, ಬಿಸ್ಕಿಟಿನ ಪೊಟ್ಟಣ ಎಲ್ಲದರ ಮೇಲೂ ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತ ಕೂರುತ್ತಿದ್ದಳು ಎಂದು ಎಲ್ಲರೂ ತಮಾಷೆ ಮಾಡುತ್ತಿದ್ದರು. ನಾನು ಚಿಕ್ಕವಳಿದ್ದಾಗ ಅದಕ್ಕೆ ನಕ್ಕಿದ್ದೇನೆ.

ಆಮೇಲಿನ ರೆಕಾರ್ಡುಗಳಲ್ಲಿ ಎಂಜಿನ್ನಿನ ಸದ್ದು ಬಿಟ್ಟರೆ ಏನೂ ಇಲ್ಲ. ಒಳ್ಳೆಯ ಸದ್ದೇ, ನಿನ್ನ ಆಸೆ ತಪ್ಪಲ್ಲ. ಒಂದು ದಿನ ಅಣ್ಣಿಗೇರಿಯ ಹತ್ತಿರ ನೀನು ರೂಢಿಯ ಮೇಲೆ ‘ಆ ಬೋರ್ಡು ನೋಡಿದೇನ ಬೇ’ ಎಂದುಬಿಡುತ್ತೀ. ಆಮೇಲೆ ಗದಗು ಬರುವವರೆಗೆ ಬರೀ ಎಂಜಿನ್ನು.

ಈಗ ನನ್ನ ಕೋರಿಕೆ. ಗಾಡಿ ಇನ್ನೂ ಕೊಳ್ಳದಿದ್ದರೆ ಅವ್ವನನ್ನು ಕರೆದುಕೊಂಡು ಹೋಗು, ಲಗ್ನದ ಸೀಸನ್ ಇದ್ದರೂ ಸರಿ. ಕೆಂಪು ಗಾಡಿಯನ್ನೇ ಕೊಂಡುಕೋ, ಬೇರೆಯದು ಬೇಡ. ಅವಳನ್ನು ಮುಂದಿನ ಸೀಟಿನಲ್ಲಿ ಮೂರು ಸಲ ಕೂರಿಸಿ ಮೂರು ಸಲ ಇಳಿಸು. ಹೆಂಗೈತಿ ಎಂದು ಕೇಳಬೇಡ, ಚಲೋ ಐತಿ ಎನ್ನುತ್ತಾಳೆ. ಏಳುವಾಗ ಅವಳ ಕೈ ಏನನ್ನು ಹುಡುಕುತ್ತದೆ ಎಂದು ನೋಡು. ಕೊಂಡಾಗಿದ್ದರೆ ಇವತ್ತೇ ಹೋಗಿ ಆ ಎರಡು ಸೀಟು ತಾ. ಅರ್ಧ ದಿನದ ಕೆಲಸ, ನಾಲ್ಕು ನಾಲ್ಕು ಬೋಲ್ಟು. ನಿನಗೆ ಆ ರೇಸಿನ ಸೀಟು ಅಷ್ಟು ಇಷ್ಟವಾದರೆ ನಿನ್ನ ಕಡೆಯದು ಇರಲಿ, ಅವಳ ಕಡೆಯದನ್ನು ಬದಲಿಸು. ಅವಳು ಪ್ರೆಸ್ಸು ಬಿಟ್ಟ ಮೇಲೆ ಈ ಕಾಗದ ಸಿಕ್ಕಿದರೆ ಏನು ಹೇಳಬೇಕೋ ನನಗೆ ತಿಳಿಯದು. ಆಗಲೂ ತಾ. ಎಲ್ಲಿಗಾದರೂ ಕರೆದುಕೊಂಡು ಹೋಗು.

ಅವಳು ಕೂತರೆ ಆ ಫೋನಿನ ಮಾತೇ ಇರುವುದಿಲ್ಲ, ಆಗ ನೀನು ಈ ಕಾಗದ ಬರೆಯುವುದಾದರೂ ಯಾಕೆ ಎಂದು ತುಂಗಾ ಕೇಳಿದಳು. ನನಗೆ ಗೊತ್ತಿಲ್ಲ. ನಾನು ಓದಿದವಳಲ್ಲ. ಇಲ್ಲಿ ಕೂತು ಬೋಲ್ಟು ಬಿಚ್ಚಲು ಆಗುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಉತ್ತರ ಬರೆ. ನಾನು ಹಿಂದಕ್ಕೆ ಕಳಿಸಲು ಕಚೇರಿ ಬೇಕು, ಯಂತ್ರ ಬೇಕು, ಅಪ್ಪಣೆ ಬೇಕು. ನೀನು ಮುಂದಕ್ಕೆ ಕಳಿಸಲು ಏನೂ ಬೇಡ. ಹಾಳೆಯ ಮೇಲೆ ಬರೆದು ಮನೆಯ ಕಾಗದಪತ್ರದ ನಡುವೆ ಇಟ್ಟರೆ, ದಿನಕ್ಕೊಂದು ದಿನ ನಡೆದು ಅದು ತಾನೇ ಇಲ್ಲಿಗೆ ಬರುತ್ತದೆ. ಮನೆಯಲ್ಲಿರುವ ಕಾಗದಗಳನ್ನೆಲ್ಲ ಹೋದ ವಾರ ಒಂದೊಂದಾಗಿ ತೆಗೆದು ನೋಡಿದೆ, ನಿನ್ನ ಕೈಬರಹ ಎಲ್ಲೂ ಸಿಗಲಿಲ್ಲ. ಇದನ್ನು ಅಂಚೆಗೆ ಕೊಟ್ಟು ಬಂದ ಮೇಲೆ ಮತ್ತೊಮ್ಮೆ ನೋಡುತ್ತೇನೆ. ಉದ್ದ ಬರೆಯಬೇಕೆಂದಿಲ್ಲ. ಅವ್ವ ನಿನ್ನ ಪಕ್ಕ ಕೂತಳೋ ಇಲ್ಲವೋ, ಅಷ್ಟು ಸಾಕು. ಬೇಗ ಬರೆ.

ನಿನ್ನ ಮರಿಮೊಮ್ಮಗಳು
ಮಂದಾಕಿನಿ